ಆಧುನಿಕ ಕಲೆಯ ಎರಡು ಪಂಥಗಳು

ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಪಾಶ್ಚಾತ್ಯ ಚಿತ್ರಕಲೆಯ ಚರಿತ್ರೆಯನ್ನು ಕುರಿತ ದೊಡ್ಡ ಗ್ರಂಥವೊಂದಿದೆ. ಕಳೆದ ವರ್ಷ ಒಂದು ಮಧ್ಯಾಹ್ನ ನಾವು ನಾಲ್ಕಾರು ಮಂದಿ ಮಿತ್ರರು ಅದರ ಹಾಳೆಗಳನ್ನು ಮಗುಚುತ್ತ ಕುಳಿತಿದ್ದೆವು. ಇಟಲಿಯ ಹಳೆಯ ಚಿತ್ರಕಾರರ ತಾಯಿಮಕ್ಕಳನ್ನೂ ಡಚ್ಚರ ಮನೆಯಂಗಳಗಳನ್ನೂ ನೋಡಿ ತಲೆದೂಗಿದ ನಾವು, ಜಾರ್ಜ್ ಬ್ರಾಕ್ ಎಂಬ ಫ್ರೆಂಚ್ ಚಿತ್ರಕಾರನು 1909ರಲ್ಲಿ ಬರೆದ ‘ಪಿಟೀಲು ಮತ್ತು ಬಣ್ಣದ ಹಲಗೆ’ ಎಂಬ ಚಿತ್ರ ಬಂದೊಡನೆ ಗೊಳ್ಳೆಂದು ನಕ್ಕೆವು. ಪಿಟೀಲು ಕೈಜಾರಿ ಬಿದ್ದ ಗಾಜಿನ ಪಾತ್ರೆಯಂತೆ ಚೂರುಚೂರಾಗಿತ್ತು. “ಇದಕ್ಕೆ ಅರ್ಥವೇ ಇಲ್ಲ” ಎಂದು ತೀರ್ಪು ಕೊಟ್ಟವನು ನಾನೇ. ಪಕ್ಕದ ಮೇಜಿನಲ್ಲಿ ಓದುತ್ತಿದ್ದ ನಮ್ಮ ಅಧ್ಯಾಪಕರೊಬ್ಬರು ತಲೆಯೆತ್ತಿ, “ಅರ್ಥವಿಲ್ಲವೋ, ನಿಮಗೆ ಅರ್ಥವಾಗಲಿಲ್ಲವೋ? ಎರಡೂ ಒಂದೇ ಅಲ್ಲ” ಎಂದಷ್ಟೇ ಹೇಳಿ ಮತ್ತೆ ಓದಿನಲ್ಲಿ ಮುಳುಗಿದರು.

ಆ ಮಾತು ನನಗೆ ನಾಟಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಾಯಿಗೆ ಅಕ್ಷರ ಬಾರದು. ನಾನು ತೆರೆದಿಟ್ಟ ಪುಸ್ತಕ ಆಕೆಯ ಕಣ್ಣಿಗೆ ಬರಿಯ ಕಪ್ಪು ಗೆರೆಗಳ ಸಾಲು. ಆದರೂ ‘ಇದರಲ್ಲೇನೂ ಇಲ್ಲ’ ಎಂದು ಆಕೆ ಒಮ್ಮೆಯೂ ಅಂದವಳಲ್ಲ. ಪುಸ್ತಕ ಅಪ್ಪಿತಪ್ಪಿ ಕಾಲಿಗೆ ತಗುಲಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವಳು. ನಾಲ್ಕಕ್ಷರ ಕಲಿತ ನಾನು ಅಷ್ಟು ವಿನಯವನ್ನೂ ಕಳೆದುಕೊಂಡೆನಲ್ಲಾ ಎಂದು ನಾಚಿಕೆಯಾಯಿತು. ಅಂದಿನಿಂದ ಈ ಹೊಸ ಚಿತ್ರಗಳ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಮೂಲಚಿತ್ರಗಳಲ್ಲಿ ಒಂದನ್ನೂ ನಾನು ಕಂಡಿಲ್ಲ. ಅಚ್ಚಿನ ಪ್ರತಿಗಳನ್ನು ಮಾತ್ರ ನೋಡಿ ಬರೆಯುತ್ತಿದ್ದೇನೆ. ತಿಳಿದವರು ತಪ್ಪಿದ್ದರೆ ತಿದ್ದಬೇಕು.

ಇಪ್ಪತ್ತನೆಯ ಶತಮಾನದ ಮೊದಲ ಇಪ್ಪತ್ತು ವರ್ಷಗಳಲ್ಲಿ ಯೂರೋಪಿನ ಕಲೆಯಲ್ಲಿ ಅನೇಕ ಪಂಥಗಳು ಹುಟ್ಟಿಕೊಂಡವು. ಅವುಗಳಲ್ಲಿ ಮುಖ್ಯವಾದ ಎರಡು, ಕ್ಯೂಬಿಸಂ ಅಥವಾ ಘನಾಕೃತಿ ಪಂಥ, ಮತ್ತು ಎಕ್ಸ್‌ಪ್ರೆಷನಿಸಂ ಅಥವಾ ಅಭಿವ್ಯಕ್ತಿ ಪಂಥ. ಮೊದಲನೆಯದರ ತವರು ಪ್ಯಾರಿಸ್. ಎರಡನೆಯದು ಬಲವಾಗಿ ಬೆಳೆದದ್ದು ಜರ್ಮನಿಯಲ್ಲಿ. ಎರಡರ ದಾರಿ ಬೇರೆ, ಗುಣ ಬೇರೆ. ಆದರೆ ಕಣ್ಣಿಗೆ ಕಂಡ ಮೇಲ್ಮೈಯನ್ನು ಹಾಗೆಯೇ ನಕಲು ಮಾಡುವುದೇ ಕಲೆಯ ಕೆಲಸವೆಂಬ ನಂಬಿಕೆಯನ್ನು ಎರಡೂ ಒಂದೇ ಕಾಲಕ್ಕೆ ಕೈಬಿಟ್ಟವು. ಏಕೆ ಕೈಬಿಟ್ಟವೆಂಬುದನ್ನು ತಿಳಿದರೆ ಉಳಿದದ್ದು ಸುಲಭ.

ಹದಿನೈದನೆಯ ಶತಮಾನದಿಂದ ಯೂರೋಪಿನ ಚಿತ್ರಕಾರರು ಒಂದು ಕಟ್ಟಳೆಯನ್ನು ಪಾಲಿಸಿಕೊಂಡು ಬಂದಿದ್ದರು. ನೋಡುವವನು ಒಂದೇ ಜಾಗದಲ್ಲಿ ನಿಂತು, ಒಂದೇ ಗಳಿಗೆಯಲ್ಲಿ, ಒಂದು ಕಿಟಕಿಯ ಮೂಲಕ ನೋಡುವಂತೆ ಚಿತ್ರವಿರಬೇಕು; ದೂರ ಹೋದಂತೆ ರಸ್ತೆ ಕಿರಿದಾಗಿ ಒಂದು ಬಿಂದುವಿನಲ್ಲಿ ಸೇರಬೇಕು. ಈ ಕಟ್ಟಳೆಯಿಂದ ಮಹತ್ತಾದ ಕೃತಿಗಳು ಬಂದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1839ರಲ್ಲಿ ಛಾಯಾಚಿತ್ರದ ವಿಧಾನ ಬಹಿರಂಗವಾಯಿತು. ಒಂದೇ ಜಾಗದಿಂದ ಒಂದೇ ಗಳಿಗೆಯಲ್ಲಿ ಕಂಡುದನ್ನು ಯಂತ್ರವೇ ಮನುಷ್ಯನಿಗಿಂತ ಚೊಕ್ಕಟವಾಗಿ ಹಿಡಿದುಕೊಡತೊಡಗಿದ ಮೇಲೆ, ಚಿತ್ರಕಾರನಿಗೆ ಉಳಿದ ಕೆಲಸವೇನು ಎಂಬ ಪ್ರಶ್ನೆ ಏಳದಿರುತ್ತದೆಯೇ?

ಒಂದು ಉತ್ತರ ಪಾಲ್ ಸೆಜಾನನಿಂದ ಬಂತು. ದಕ್ಷಿಣ ಫ್ರಾನ್ಸಿನ ತನ್ನ ಊರಿನ ಬಳಿಯ ಸ್ಯಾಂತ್ ವಿಕ್ತ್ವಾರ್ ಬೆಟ್ಟವನ್ನು ಆತ ಮತ್ತೆ ಮತ್ತೆ ಬರೆದ. ಪ್ರಕೃತಿಯನ್ನು ಉರುಳೆ, ಗೋಲ, ಶಂಕುಗಳ ರೂಪದಲ್ಲಿ ಕಾಣಬೇಕೆಂದು 1904ರ ಒಂದು ಪತ್ರದಲ್ಲಿ ಕಿರಿಯ ಚಿತ್ರಕಾರನೊಬ್ಬನಿಗೆ ತಿಳಿಸಿದ. 1906ರಲ್ಲಿ ಆತ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನಲ್ಲಿ ಆತನ ಚಿತ್ರಗಳ ದೊಡ್ಡ ಪ್ರದರ್ಶನ ನಡೆದಾಗ ತರುಣರ ಕಣ್ಣು ತೆರೆಯಿತು.

ಅದೇ 1907ರಲ್ಲಿ ಪಾಬ್ಲೊ ಪಿಕಾಸೊ ಎಂಬ ಸ್ಪೇನಿನ ತರುಣನು ‘ಅವಿನ್ಯೋನ್ ತರುಣಿಯರು’ ಎಂಬ, ಎಂಟು ಅಡಿ ಎತ್ತರದ ಚಿತ್ರವನ್ನು ಬರೆದ. ಐವರು ಹೆಂಗಸರು, ದೇಹಗಳು ಕೊಡಲಿಯಿಂದ ಕೆತ್ತಿದಂತೆ ಮೊನೆಮೊನೆಯಾಗಿವೆ. ಬಲಗಡೆಯ ಇಬ್ಬರ ಮುಖಗಳು ಆಫ್ರಿಕದ ಮರದ ಮುಖವಾಡಗಳನ್ನು ನೆನಪಿಗೆ ತರುತ್ತವೆ. ಅಂಥ ಮುಖವಾಡಗಳನ್ನು ಪಿಕಾಸೊ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಕಂಡಿದ್ದ. ಆತನ ಮಿತ್ರರೇ ಈ ಚಿತ್ರವನ್ನು ನೋಡಿ ಬೆಚ್ಚಿದರು. 1916ರವರೆಗೆ ಅದು ಸಾರ್ವಜನಿಕ ಪ್ರದರ್ಶನಕ್ಕೆ ಬರಲಿಲ್ಲ. 1908ರಲ್ಲಿ ಬ್ರಾಕ್ ತಾನು ಬರೆದ ಮನೆ ಮರಗಳ ಚಿತ್ರಗಳನ್ನು ಕಾನ್ವೈಲರ್ ಎಂಬ ವ್ಯಾಪಾರಿಯ ಅಂಗಡಿಯಲ್ಲಿ ಪ್ರದರ್ಶಿಸಿದಾಗ, ವೋಸೆಲ್ ಎಂಬ ವಿಮರ್ಶಕ ‘ಎಲ್ಲವನ್ನೂ ಘನಗಳನ್ನಾಗಿ ಮಾಡಿದ್ದಾನೆ’ ಎಂಬ ಅರ್ಥದಲ್ಲಿ ಹೀಯಾಳಿಸಿದ. ಆ ಹೀಯಾಳಿಕೆಯೇ ಪಂಥದ ಹೆಸರಾಗಿ ನಿಂತಿತು.

ಕ್ಯೂಬಿಸಂ ಮಾಡಿದ್ದೇನು? ಒಂದು ತಂಬಿಗೆಯನ್ನು ನೆನೆದುಕೊಳ್ಳಿ. ಮೇಲಿನಿಂದ ನೋಡಿದರೆ ಅದರ ಬಾಯಿ ಪೂರ್ಣ ವೃತ್ತ. ಪಕ್ಕದಿಂದ ನೋಡಿದರೆ ಬಾಯಿ ಒಂದು ಗೆರೆ, ಆದರೆ ಹೊಟ್ಟೆಯ ಉಬ್ಬು ಸ್ಪಷ್ಟ. ಬುಡ ಕಾಣಬೇಕಾದರೆ ಮಗುಚಬೇಕು. ಒಂದು ಜಾಗದಲ್ಲಿ ನಿಂತವನಿಗೆ ಇವೆಲ್ಲ ಒಟ್ಟಿಗೆ ಕಾಣವು. ಆದರೆ ದಿನವೂ ಅದರಲ್ಲಿ ನೀರು ಕುಡಿದವನ ಮನಸ್ಸಿನಲ್ಲಿರುವ ತಂಬಿಗೆಗೆ ದುಂಡು ಬಾಯಿಯೂ ಉಂಟು, ಉಬ್ಬಿದ ಹೊಟ್ಟೆಯೂ ಉಂಟು, ಬುಡವೂ ಉಂಟು. ನಾವು ಒಂದು ವಸ್ತುವನ್ನು ಬಲ್ಲೆವೆಂದರೆ ಅದನ್ನು ಸುತ್ತಿ ಬಂದು, ಮುಟ್ಟಿ, ಬಳಸಿ ಬಲ್ಲೆವು. ಹೀಗೆ ಬಲ್ಲ ಎಲ್ಲ ಮುಖಗಳನ್ನೂ ಚಪ್ಪಟೆಯಾದ ಬಟ್ಟೆಯ ಮೇಲೆ ಒಟ್ಟಿಗೆ ಇಟ್ಟರೆ ಹೇಗಿದ್ದೀತು? ಒಂದು ಮುಖ ಇನ್ನೊಂದರೊಳಗೆ ಹಾಯುತ್ತದೆ, ಅಂಚುಗಳು ಒಡೆಯುತ್ತವೆ, ಹಿನ್ನೆಲೆ ಮುಂದಕ್ಕೆ ಬರುತ್ತದೆ. ನಾವು ‘ಚೂರು’ ಎಂದು ನಕ್ಕದ್ದು ಇದಕ್ಕೆ. ಕ್ಯೂಬಿಸ್ಟನು ವಸ್ತುವನ್ನು ಒಡೆದದ್ದು ಹಾಳುಮಾಡಲು ಅಲ್ಲ, ಪೂರ್ತಿಯಾಗಿ ತೋರಿಸಲು.

1909ರಿಂದ 1912ರವರೆಗೆ ಪಿಕಾಸೊ ಮತ್ತು ಬ್ರಾಕ್ ಒಬ್ಬರ ಕೆಲಸವನ್ನೊಬ್ಬರು ದಿನದಿನವೂ ನೋಡುತ್ತ, ಈ ಕ್ರಮವನ್ನು ಕೊನೆಮುಟ್ಟಿಸಿದರು. ಇದನ್ನು ವಿಶ್ಲೇಷಣಾತ್ಮಕ ಘಟ್ಟವೆಂದು ಕರೆಯುತ್ತಾರೆ. ಬಣ್ಣ ಮನಸ್ಸನ್ನು ಬೇರೆಡೆಗೆ ಸೆಳೆದೀತೆಂದು ಕಂದು, ಬೂದು, ಮಾಸಲು ಹಸಿರುಗಳಷ್ಟನ್ನೇ ಉಳಿಸಿಕೊಂಡರು. ಪಿಕಾಸೊ 1910ರಲ್ಲಿ ಬರೆದ ಕಾನ್ವೈಲರನ ಭಾವಚಿತ್ರದಲ್ಲಿ ಮೊದಲು ಕಾಣುವುದು ಹರಳುಗಳ ರಾಶಿ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅಲೆಯಾದ ಕೂದಲು, ಗಡಿಯಾರದ ಸರಪಣಿ, ಕೆಳಗೆ ಜೋಡಿಸಿದ ಎರಡು ಕೈಗಳು ಒಂದೊಂದಾಗಿ ಹೊರಬರುತ್ತವೆ. ನಾವು ನಕ್ಕ ಬ್ರಾಕನ ಚಿತ್ರದಲ್ಲಿ ಇನ್ನೊಂದು ಸೊಗಸಿದೆ. ಪಿಟೀಲು ಚೂರಾಗಿದ್ದರೂ, ಮೇಲ್ಭಾಗದಲ್ಲಿ ಬಣ್ಣದ ಹಲಗೆಯನ್ನು ತೂಗುಹಾಕಿದ ಮೊಳೆ ಮಾತ್ರ ಹಳೆಯ ಪದ್ಧತಿಯಲ್ಲಿ, ನೆರಳು ಸಮೇತ, ಕೈಯಿಟ್ಟು ಕೀಳಬಹುದೆನ್ನುವಂತಿದೆ. ‘ಹಾಗೆ ಬರೆಯಲು ನನಗೆ ಬಾರದೆಂದು ತಿಳಿಯಬೇಡಿ’ ಎಂದು ಬ್ರಾಕ್ ಆ ಒಂದು ಮೊಳೆಯಿಂದ ಹೇಳುವಂತಿದೆ. ನಕ್ಕವರಲ್ಲಿ ಒಬ್ಬರೂ ಆ ಮೊಳೆಯನ್ನು ಕಂಡಿರಲಿಲ್ಲ.

1912ರಲ್ಲಿ ಇವರು ಇನ್ನೊಂದು ಹೆಜ್ಜೆಯಿಟ್ಟರು. ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ ಎಣ್ಣೆಬಟ್ಟೆಯ ತುಂಡನ್ನು ಪಿಕಾಸೊ ಚಿತ್ರದ ಮೇಲೆಯೇ ಅಂಟಿಸಿ, ಸುತ್ತ ಹಗ್ಗವನ್ನು ಚೌಕಟ್ಟಾಗಿ ಕಟ್ಟಿದ. ಬ್ರಾಕ್ ಗೋಡೆಗೆ ಅಂಟಿಸುವ ಕಾಗದವನ್ನು ಕತ್ತರಿಸಿ ಅಂಟಿಸಿದ; ಮನೆಗಳಿಗೆ ಬಣ್ಣ ಬಳಿಯುವ ಅಲಂಕಾರ ಕೆಲಸವನ್ನು ಆತ ಕಲಿತಿದ್ದವನು. ವಾರ್ತಾಪತ್ರಿಕೆಯ ಚೂರು, ಬಾಟಲಿಯ ಚೀಟಿ ಮೊದಲಾದ ಬೀದಿಯ ವಸ್ತುಗಳು ಹೀಗೆ ಕಲೆಯೊಳಕ್ಕೆ ಬಂದವು. ಹ್ವಾನ್ ಗ್ರಿಸ್, ಫೆರ್ನಾಂ ಲೆಜೆ ಮೊದಲಾದವರು ಪಂಥವನ್ನು ಬೆಳೆಸಿದರು. 1914ರ ಯುದ್ಧ ಬ್ರಾಕನನ್ನು ರಣರಂಗಕ್ಕೆ ಒಯ್ದು ಆ ಜೋಡಿಯನ್ನು ಮುರಿಯಿತು.

ಇನ್ನು ಅಭಿವ್ಯಕ್ತಿ ಪಂಥ. ಕ್ಯೂಬಿಸ್ಟನು ‘ಈ ವಸ್ತು ನಿಜವಾಗಿ ಹೇಗಿದೆ?’ ಎಂದು ಕೇಳಿದರೆ, ಎಕ್ಸ್‌ಪ್ರೆಷನಿಸ್ಟನು ‘ಇದನ್ನು ಕಂಡು ನನ್ನೊಳಗೆ ಏನಾಯಿತು?’ ಎಂದು ಕೇಳುತ್ತಾನೆ. ಈ ಪಂಥದ ಹಿರಿಯರು ಇಬ್ಬರು: 1890ರಲ್ಲಿ ಮಡಿದ ಡಚ್ ಚಿತ್ರಕಾರ ವ್ಯಾನ್ ಗೋ, ಮತ್ತು ನಾರ್ವೆಯ ಎಡ್ವರ್ಡ್ ಮುಂಕ್. ಮುಂಕನು 1893ರಲ್ಲಿ ಬರೆದ ‘ಚೀತ್ಕಾರ’ದಲ್ಲಿ ಸೇತುವೆಯ ಮೇಲೆ ಒಂದು ಜೀವ ಕಿವಿಮುಚ್ಚಿಕೊಂಡು ನಿಂತಿದೆ, ಬಾನು ರಕ್ತದಂತೆ ಕೆಂಪಾಗಿ ಸುರುಳಿ ಸುತ್ತಿಕೊಂಡಿದೆ. ಸಂಜೆಯ ಬಾನಿನಲ್ಲಿ ಅಂಥ ಸುರುಳಿಗಳುಂಟೇ ಎಂದು ಕೇಳುವುದು ವ್ಯರ್ಥ. ಭಯಪಟ್ಟವನ ಪಾಲಿಗೆ ಉಂಟು.

1905ರಲ್ಲಿ ಡ್ರೆಸ್ಡೆನ್ ನಗರದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳು ‘ಸೇತುವೆ’ ಎಂಬ ಸಂಘವನ್ನು ಕಟ್ಟಿದರು. ಅವರಲ್ಲಿ ಮುಖ್ಯನು ಏರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್. ಅಂದಿನ ಅವರ ವಯಸ್ಸು ನಮ್ಮ ವಯಸ್ಸಿಗಿಂತ ನಾಲ್ಕೈದು ವರ್ಷ ಹೆಚ್ಚಿದ್ದರೆ ಹೆಚ್ಚು. ಹಸಿ ಬಣ್ಣ, ಒರಟು ಗೆರೆ, ಮರದಚ್ಚಿನಲ್ಲಿ ಉಳಿಯ ಗುರುತು ಕಾಣುವಂತೆ ಕೆತ್ತಿದ ಮುಖಗಳು ಇವರ ಹಾದಿ. ಕಿರ್ಷ್ನರ್ ಬರ್ಲಿನ್ನಿಗೆ ಹೋದ ಮೇಲೆ 1913ರ ಸುಮಾರಿನಲ್ಲಿ ಬರೆದ ಬೀದಿಯ ಚಿತ್ರಗಳಲ್ಲಿ ಜನ ಒತ್ತೊತ್ತಾಗಿದ್ದಾರೆ, ಒಬ್ಬರೂ ಮತ್ತೊಬ್ಬರ ಮುಖ ನೋಡುವುದಿಲ್ಲ. ದೊಡ್ಡ ನಗರದಲ್ಲಿ ಮೊದಲ ಬಾರಿಗೆ ಬಸ್ಸಿಳಿದ ಹಳ್ಳಿಯ ಹುಡುಗನಿಗೆ ಈ ಚಿತ್ರಕ್ಕೆ ವ್ಯಾಖ್ಯಾನ ಬೇಕಾಗದು. 1911ರಲ್ಲಿ ಮ್ಯೂನಿಕ್ಕಿನಲ್ಲಿ ‘ನೀಲಿ ಸವಾರ’ ಎಂಬ ಇನ್ನೊಂದು ಕೂಟ ಸೇರಿತು. ರಷ್ಯದ ಕಾಂಡಿನ್‌ಸ್ಕಿ, ಜರ್ಮನಿಯ ಫ್ರಾಂಟ್ಸ್ ಮಾರ್ಕ್ ಅದರ ನಾಯಕರು. ಮಾರ್ಕನ ಕುದುರೆಗಳು ನೀಲಿ. ನೀಲಿ ಆತನಿಗೆ ಆಧ್ಯಾತ್ಮಿಕತೆಯ ಬಣ್ಣ. ಕಾಂಡಿನ್‌ಸ್ಕಿ ಮುಂದೆ ಹೋಗಿ, ಸಂಗೀತಕ್ಕೆ ಹೇಗೆ ಹೊರಗಿನ ವಸ್ತುವಿನ ಹಂಗಿಲ್ಲವೋ ಹಾಗೆ ಬಣ್ಣ ಗೆರೆಗಳಿಗೂ ಹಂಗಿರಬೇಕಿಲ್ಲವೆಂದು ವಾದಿಸಿದ. ಮಾರ್ಕನ ಆಯುಸ್ಸು ಅಲ್ಪ; 1916ರಲ್ಲಿ ವೆರ್ದನ್ನಿನ ಯುದ್ಧದಲ್ಲಿ ಆತ ಹತನಾದ.

ಚಿತ್ರಕಲೆಯಲ್ಲಿ ನಡೆದದ್ದು ಸಾಹಿತ್ಯಕ್ಕೂ ಹರಿಯಿತು. ಕ್ಯೂಬಿಸ್ಟ್ ಚಿತ್ರಕಾರರ ಸಂಗಾತಿಯಾಗಿದ್ದ ಕವಿ ಅಪೊಲಿನೇರ್, 1913ರ ‘ಆಲ್ಕೋಲ್ಸ್’ ಎಂಬ ಸಂಗ್ರಹದಲ್ಲಿ ವಿರಾಮಚಿಹ್ನೆಗಳನ್ನೆಲ್ಲ ತೆಗೆದುಹಾಕಿದ. ಸಾಲುಗಳು ಚಿತ್ರದ ಮುಖಗಳಂತೆ ಒಂದರೊಳಗೊಂದು ಹಾಯ್ದವು. 1918ರ ‘ಕಾಲಿಗ್ರಾಮ್’ನಲ್ಲಿ ಮಳೆಯ ಮೇಲಿನ ಪದ್ಯದ ಅಕ್ಷರಗಳು ಹನಿಹನಿಯಾಗಿ ಪುಟದ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಪ್ಯಾರಿಸ್ಸಿನಲ್ಲಿ ನೆಲಸಿದ್ದ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ 1914ರ ‘ಟೆಂಡರ್ ಬಟನ್ಸ್’ ಎಂಬ ಪುಸ್ತಕದಲ್ಲಿ ಮನೆಯ ವಸ್ತು, ತಿಂಡಿ, ಕೋಣೆಗಳನ್ನು ವರ್ಣಿಸಲು ಹೊರಟು, ಪದಗಳನ್ನು ಅವುಗಳ ಎಂದಿನ ಜೊತೆಯಿಂದ ಬಿಡಿಸಿ ಇಟ್ಟಳು. ಆಕೆಯನ್ನು ಓದುವುದು ಕಷ್ಟ. ಅದಕ್ಕಿಂತ ತಿಳಿಯಾದ ಉದಾಹರಣೆ ಬೇಕಾದರೆ ವಿಲಿಯಂ ಫಾಕ್ನರ್ 1930ರಲ್ಲಿ ಪ್ರಕಟಿಸಿದ ‘ಆಸ್ ಐ ಲೇ ಡೈಯಿಂಗ್’ ಕಾದಂಬರಿಯನ್ನು ನೋಡಬಹುದು. ಬಡ ರೈತ ಕುಟುಂಬವೊಂದು ಸತ್ತ ತಾಯಿಯ ದೇಹವನ್ನು ಬಂಡಿಯಲ್ಲಿ ದೂರದ ಊರಿಗೆ ಮಣ್ಣುಮಾಡಲು ಒಯ್ಯುವುದೇ ಕಥೆ. ಅದನ್ನು 15 ಮಂದಿ, 59 ಭಾಗಗಳಲ್ಲಿ ಹೇಳುತ್ತಾರೆ. ಸತ್ತ ತಾಯಿಯೂ ಒಮ್ಮೆ ಮಾತಾಡುತ್ತಾಳೆ. ಫಾಕ್ನರ್ ಯಾವ ಪಂಥಕ್ಕೂ ಸೇರಿದವನಲ್ಲ. ಆದರೆ ಒಂದೇ ಘಟನೆಯನ್ನು ಎಲ್ಲ ದಿಕ್ಕುಗಳಿಂದಲೂ ಸುತ್ತಿ ಬರುವ ಆ ಕ್ರಮ ಪಿಟೀಲನ್ನು ಸುತ್ತಿ ಬಂದ ಬ್ರಾಕನ ಕ್ರಮಕ್ಕೆ ದೂರದ್ದಲ್ಲ.

ಅಭಿವ್ಯಕ್ತಿ ಪಂಥ ಸಾಹಿತ್ಯದಲ್ಲಿ ಹೆಚ್ಚಾಗಿ ರಂಗಭೂಮಿಯನ್ನು ಹಿಡಿಯಿತು. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗನ ‘ಕನಸಿನ ನಾಟಕ’ ದಾರಿ ತೋರಿಸಿತ್ತು. ಜರ್ಮನಿಯ ಗೇಯೋರ್ಗ್ ಕೈಸರ್ ಬರೆದು, 1917ರಲ್ಲಿ ರಂಗವೇರಿದ ‘ಬೆಳಗಿನಿಂದ ನಡುರಾತ್ರಿಯವರೆಗೆ’ ಎಂಬ ನಾಟಕದ ನಾಯಕನಿಗೆ ಹೆಸರಿಲ್ಲ. ಅವನು ಬರಿಯ ‘ಕ್ಯಾಷಿಯರ್’. ಬ್ಯಾಂಕಿನ ಹಣವನ್ನು ಎತ್ತಿಕೊಂಡು ಓಡಿ, ಒಂದೇ ದಿನದಲ್ಲಿ ಬಾಳನ್ನೆಲ್ಲ ಕೊಂಡುಕೊಳ್ಳಲು ಹೊರಡುತ್ತಾನೆ. ಹಿಮದ ಬಯಲಿನಲ್ಲಿ ಮರವೊಂದು ಅವನಿಗೆ ಅಸ್ಥಿಪಂಜರವಾಗಿ ಕಾಣುತ್ತದೆ. ಪ್ರೇಕ್ಷಕರಾದ ನಾವು ಅವನನ್ನು ಹೊರಗಿನಿಂದ ನೋಡುವುದಿಲ್ಲ; ಅವನ ತಲೆಯೊಳಗೆ ಕುಳಿತು ಲೋಕವನ್ನು ನೋಡುತ್ತೇವೆ. ಏರ್ನ್ಸ್ಟ್ ಟೊಲ್ಲರ್ ಸೆರೆಮನೆಯಲ್ಲಿ ಕುಳಿತು ಬರೆದ ‘ಜನಸ್ತೋಮ ಮತ್ತು ಮಾನವ’ದಲ್ಲಿಯೂ ಪಾತ್ರಗಳು ‘ಹೆಂಗಸು’, ‘ಅನಾಮಿಕ’ ಎಂಬಂಥವು. ಅಮೆರಿಕದಲ್ಲಿ ಯೂಜೀನ್ ಓನೀಲ್ ‘ಎಂಪರರ್ ಜೋನ್ಸ್’ (1920), ‘ಹೇರಿ ಏಪ್’ (1922) ನಾಟಕಗಳಲ್ಲಿ ಇದೇ ತಂತ್ರವನ್ನು ಬಳಸಿದ. ಕಾಫ್ಕಾನ ‘ರೂಪಾಂತರ’ (1915) ಈ ಪಂಥದ ಚೌಕಟ್ಟಿನಲ್ಲಿ ಪೂರ್ತಿ ಕೂರುವುದಿಲ್ಲ. ಆದರೂ ಮನೆಗೆ ದುಡಿದು ಹಾಕುವ ಮಗ ಒಂದು ಬೆಳಗ್ಗೆ ಹುಳುವಾಗಿ ಏಳುವ ಆ ಕಥೆ, ಒಳಗಿನ ಅವಮಾನವನ್ನು ಹೊರಗಿನ ದೇಹವನ್ನಾಗಿ ಮಾಡಿದೆ.

ಭಾರತಕ್ಕೂ ಈ ಅಲೆ ಬೇಗನೆ ತಲುಪಿತು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಂಡಿನ್‌ಸ್ಕಿ, ಪೌಲ್ ಕ್ಲೇ ಮೊದಲಾದವರ ಕೃತಿಗಳ ಪ್ರದರ್ಶನ ನಡೆಯಿತು; ಅದೇ ಕಾಲದಲ್ಲಿ ಗಗನೇಂದ್ರನಾಥ ಠಾಕೂರರು ಕ್ಯೂಬಿಸಂ ರೀತಿಯ ಮುರಿದ ಬೆಳಕು ನೆರಳುಗಳಲ್ಲಿ ಸ್ವತಂತ್ರವಾದ ಚಿತ್ರಗಳನ್ನು ಬರೆಯುತ್ತಿದ್ದರು. ಕನ್ನಡದ ನವ್ಯಕಾವ್ಯ ಈ ಪಂಥಗಳ ನೇರ ಸಂತಾನವಲ್ಲ. ಆದರೆ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959) ಬಂದ ಕಾಲದಲ್ಲಿ ‘ಇದು ಅರ್ಥವಾಗದು’ ಎಂಬ ದೂರು ಇಲ್ಲಿಯೂ ಕೇಳಿಬಂತು. ಮುಂದೆ ಅಡಿಗರ ಕವಿತೆಗಳೇ ತರಗತಿಯ ಪಾಠವಾದವು.

ಈ ಪಂಥಗಳಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ಕ್ಯೂಬಿಸಂ ಜಾಣರ ಒಗಟಾಗಿ ಒಣಗುವ ಅಪಾಯವಿತ್ತು. ಅಭಿವ್ಯಕ್ತಿ ಪಂಥದ ಸಾಮಾನ್ಯ ನಾಟಕಗಳಲ್ಲಿ ಭಾವಕ್ಕಿಂತ ಬೊಬ್ಬೆ ಹೆಚ್ಚಾಯಿತು. ಅರ್ಥವಾಗದ್ದೆಲ್ಲ ಶ್ರೇಷ್ಠವೂ ಅಲ್ಲ. ತಾಳ್ಮೆಯಿಂದ ನೋಡಿದ ಮೇಲೆ ‘ಇದು ಚೆನ್ನಾಗಿಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇದೆ. ನೋಡುವುದಕ್ಕೆ ಮೊದಲೇ ನಗುವುದು ಮಾತ್ರ ಬೇರೆ ವಿಷಯ. ಆ ನಗು ಎಲ್ಲಿಗೆ ಹೋಗಿ ಮುಟ್ಟಬಲ್ಲದೆಂಬುದನ್ನು ಚರಿತ್ರೆ ತೋರಿಸಿದೆ.

1937ರ ಜುಲೈ 19ರಂದು ಮ್ಯೂನಿಕ್ಕಿನಲ್ಲಿ ನಾಜಿ ಸರ್ಕಾರ ‘ಅಧಃಪತಿತ ಕಲೆ’ ಎಂಬ ಪ್ರದರ್ಶನವನ್ನು ತೆರೆಯಿತು. ಜರ್ಮನಿಯ ವಸ್ತುಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ಕೃತಿಗಳನ್ನು ಇಕ್ಕಟ್ಟಾದ ಕೋಣೆಗಳಲ್ಲಿ ಒತ್ತೊತ್ತಾಗಿ, ಕೆಲವನ್ನು ಸೊಟ್ಟಗೆ ತೂಗುಹಾಕಿ, ಗೋಡೆಗಳ ಮೇಲೆ ಹಾಸ್ಯದ ಬರೆಹಗಳನ್ನು ಗೀಚಿದ್ದರು. ಜನ ಬಂದು ನಗಲೆಂಬುದೇ ಉದ್ದೇಶ. ಕೆಲವೇ ತಿಂಗಳಲ್ಲಿ 20 ಲಕ್ಷ ಮಂದಿ ಬಂದರು. ನಾಜಿ ಪಕ್ಷದ ಸದಸ್ಯನೇ ಆಗಿದ್ದ ಎಮಿಲ್ ನೋಲ್ಡೆಯ ಚಿತ್ರಗಳನ್ನೂ ಬಿಡಲಿಲ್ಲ. ಕಿರ್ಷ್ನರನ ಆರುನೂರಕ್ಕೂ ಹೆಚ್ಚು ಕೃತಿಗಳನ್ನು ಸಂಗ್ರಹಾಲಯಗಳಿಂದ ಜಪ್ತಿ ಮಾಡಲಾಯಿತು. ಬಹುಕಾಲದಿಂದ ಕಾಯಿಲೆಯಿಂದ ಬಳಲುತ್ತಿದ್ದ ಆತ 1938ರ ಜೂನಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ದೇಶ ಬಿಟ್ಟು ಓಡಿದ್ದ ಟೊಲ್ಲರ್ ಮರುವರ್ಷ ನ್ಯೂಯಾರ್ಕಿನಲ್ಲಿ ಅದೇ ದಾರಿ ಹಿಡಿದ. ಪುಸ್ತಕ ಭಂಡಾರದಲ್ಲಿ ನಾವು ನಕ್ಕ ನಗುವಿಗೂ ಆ ನಗುವಿಗೂ ಬಹಳ ಅಂತರವಿದೆ, ನಿಜ. ಆದರೆ ಎರಡೂ ಹೊರಡುವುದು ಒಂದೇ ಮಾತಿನಿಂದ: ನನಗೆ ತಿಳಿಯಲಿಲ್ಲ, ಆದ್ದರಿಂದ ಇದಕ್ಕೆ ಅರ್ಥವಿಲ್ಲ. ಈ ಮಾತನ್ನು ಒಬ್ಬ ವಿದ್ಯಾರ್ಥಿ ಆಡಿದರೆ ಅಜ್ಞಾನ. ಸರ್ಕಾರ ಆಡಿದರೆ ಮನುಷ್ಯರ ಬಾಳು ಹೋಗುತ್ತದೆ.

ಅದೇ 1937ರ ಏಪ್ರಿಲ್ 26ರಂದು ಜರ್ಮನಿ ಮತ್ತು ಇಟಲಿಯ ವಿಮಾನಗಳು ಸ್ಪೇನಿನ ಗೆರ್ನಿಕ ಎಂಬ ಊರಿನ ಮೇಲೆ ಬಾಂಬು ಸುರಿದು ಅದನ್ನು ಸುಟ್ಟವು. ಪ್ಯಾರಿಸ್ಸಿನಲ್ಲಿದ್ದ ಪಿಕಾಸೊ ಕೆಲವೇ ವಾರಗಳಲ್ಲಿ, ಹನ್ನೊಂದೂವರೆ ಅಡಿ ಎತ್ತರ, ಇಪ್ಪತ್ತೈದೂವರೆ ಅಡಿ ಉದ್ದದ ‘ಗೆರ್ನಿಕ’ವನ್ನು ಬರೆದ. ಕಪ್ಪು, ಬಿಳಿ, ಬೂದು ಬಣ್ಣಗಳು ಮಾತ್ರ. ಮುರಿದ ಆಕಾರಗಳು ಕ್ಯೂಬಿಸಂನವು. ಆದರೆ ಅವುಗಳಿಂದ ಹೊರಡುವ ಕೂಗು ಅಭಿವ್ಯಕ್ತಿ ಪಂಥದ್ದು. ಎರಡು ದಾರಿಗಳು ಅಲ್ಲಿ ಕೂಡುತ್ತವೆಂದು ನನಗೆ ತೋರುತ್ತದೆ. ಈಗ ಅದು ಮ್ಯಾಡ್ರಿಡ್ಡಿನ ರೈನಾ ಸೋಫಿಯಾ ಸಂಗ್ರಹಾಲಯದಲ್ಲಿದೆ.

ಬೇಸಗೆಯ ರಜದಲ್ಲಿ ಆ ದೊಡ್ಡ ಗ್ರಂಥವನ್ನು ಎರವಲು ಪಡೆದು ಊರಿಗೆ ಒಯ್ದಿದ್ದೆ. ಒಂದು ಸಂಜೆ ನಾನು ‘ಗೆರ್ನಿಕ’ದ ಪುಟವನ್ನು ತೆರೆದಿದ್ದಾಗ ತಾಯಿ ಬಂದು ಇಣಿಕಿದಳು. ನಾನು ಏನೂ ಹೇಳಿರಲಿಲ್ಲ. ಎಡಗಡೆಯ ಮೂಲೆಯ ಮೇಲೆ ಬೆರಳಿಟ್ಟು, “ಅಯ್ಯೋ ಶಿವನೇ, ಈ ತಾಯಿ ಕೂಸು ಸತ್ತೋಗೈತಲ್ಲೋ!” ಎಂದಳು. ಅಲ್ಲಿರುವುದು ಅದೇ. ಸ್ವಲ್ಪ ಹೊತ್ತಿನ ಮೇಲೆ ಬ್ರಾಕನ ಪಿಟೀಲಿನ ಪುಟವನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು, ನಗಲಿಲ್ಲ. “ಇದು ನಂಗೆ ತಿಳೀಲಿಲ್ಲ ಕಣಪ್ಪ. ನೀನು ಓದಿದ್ದೀಯಲ್ಲ, ಏನಂತ ಹೇಳು” ಎಂದಳು.

ನಾನು ಒಳಗಿನಿಂದ ತಂಬಿಗೆಯನ್ನು ತಂದು ಆಕೆಯ ಮುಂದಿಟ್ಟು ಹೇಳತೊಡಗಿದೆ. ಅಂದು ಹೇಳಿದ್ದನ್ನೇ ಇಲ್ಲಿ ಹೆಸರು ಇಸವಿಗಳನ್ನು ಸೇರಿಸಿ ಬರೆದಿದ್ದೇನೆ.